ಟ್ರಿಗರ್ ಬದಲಿಸಿದ್ದು ಓಆರ್‌ಎಂಗೆ ಗೊತ್ತೇ ಆಗುತ್ತಿಲ್ಲ, ಹಳೇ ಮೊತ್ತ ಮತ್ತೆ ಬಂದು ಕೂರುತ್ತಿದೆ

ಕೊನೇ_ಕಮಿಟ್

ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ ಮೇಲೆ ಜಾವಾದ ಓಆರ್‌ಎಂ (ಟೇಬಲ್ ಸಾಲುಗಳನ್ನು ಕೋಡ್‌ನ ಆಬ್ಜೆಕ್ಟ್‌ಗಳಾಗಿ ಕೊಡುವ ಲೈಬ್ರರಿ) ಹೈಬರ್ನೇಟ್ 6. ಎರಡು ಟೇಬಲ್ ಇವೆ: ಆರ್ಡರ್, ಮತ್ತು ಅದರ ಐಟಂಗಳು. ಆರ್ಡರ್‌ನಲ್ಲಿ ಒಟ್ಟು ಮೊತ್ತಕ್ಕೆ ಒಂದು ಕಾಲಂ ಇದೆ. ಅದನ್ನು ಆ್ಯಪ್ ಲೆಕ್ಕ ಹಾಕುವುದಿಲ್ಲ. ಐಟಂ ಟೇಬಲ್ ಮೇಲೆ ಒಂದು ಆಫ್ಟರ್ ಟ್ರಿಗರ್ ಇದೆ, ಅಂದರೆ ಸಾಲು ಬರೆದಾದ ಮೇಲೆ ಡೇಟಾಬೇಸ್ ತಾನೇ ಓಡಿಸುವ ಕೋಡ್. ಐಟಂ ಸೇರಿದರೂ ಬದಲಾದರೂ ಅಳಿದರೂ ಅದೇ ಎಲ್ಲವನ್ನೂ ಕೂಡಿ ಆರ್ಡರ್ ಸಾಲಿಗೆ ಬರೆಯುತ್ತದೆ.

ಕೋಡ್‌ನಲ್ಲಿ ಹೊಸ ಆರ್ಡರ್ ಸೇವ್ ಮಾಡುತ್ತೇನೆ, ಮೊತ್ತ 0. ಐಟಂ ಸೇರಿಸುತ್ತೇನೆ, ಫ್ಲಶ್ ಮಾಡುತ್ತೇನೆ (ಬಾಕಿ ಬದಲಾವಣೆಗಳನ್ನು ಡೇಟಾಬೇಸ್‌ಗೆ ಕಳಿಸುತ್ತೇನೆ). ಈಗ ಡೇಟಾಬೇಸ್‌ನಲ್ಲಿ ಮೊತ್ತ 450. ಆದರೆ ಆಬ್ಜೆಕ್ಟ್‌ನಲ್ಲಿ ಇನ್ನೂ 0. ಅಲ್ಲಿಗೇ ಮುಗಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅದೇ ಟ್ರಾನ್ಸಾಕ್ಷನ್‌ನಲ್ಲಿ ಆರ್ಡರ್ ಸ್ಥಿತಿಯನ್ನು "ಖಚಿತ" ಅಂತ ಬದಲಿಸಿ ಕಮಿಟ್ ಮಾಡಿದರೆ, ಡೇಟಾಬೇಸ್‌ನಲ್ಲಿದ್ದ 450 ಕೂಡ 0 ಆಗಿಬಿಡುತ್ತದೆ! ನಾನು ಮೊತ್ತದ ಕಾಲಂ ಮುಟ್ಟಿಯೇ ಇಲ್ಲ.

ಟ್ರಿಗರ್ ತೆಗೆಯುವ ಹಾಗಿಲ್ಲ. ಇದೇ ಟೇಬಲ್‌ಗೆ ಇನ್ನೆರಡು ಹಳೇ ಪ್ರೋಗ್ರಾಂಗಳೂ ಬರೆಯುತ್ತವೆ. ಇದಕ್ಕೆ ಸರಿಯಾದ ದಾರಿ ಯಾವುದು?

ನಲ್_ಪಾಯಿಂಟರ್

ಟ್ರಿಗರ್ ಡ್ರಾಪ್ ಮಾಡಿ. ಮುಗಿಯಿತು.

ಕೊನೇ_ಕಮಿಟ್

ಕೊನೇ ಪ್ಯಾರಾ ಓದಿಲ್ಲ ಅಲ್ವಾ?

ಬೂದು_ಬೆಕ್ಕು

ಕೊನೆಗೆ 0 ಆಗುವುದಕ್ಕೆ ಕಾರಣ ಸರಳ. ಒಂದು ಫೀಲ್ಡ್ ಬದಲಾದರೂ ಸಾಕು, ಹೈಬರ್ನೇಟ್ ಎಲ್ಲ ಕಾಲಂಗಳನ್ನೂ ಸೇರಿಸಿ ಅಪ್‌ಡೇಟ್ ಕಳಿಸುತ್ತದೆ. ಅದರ ರೂಢಿಯೇ ಹಾಗೆ. ನಿಮ್ಮ ಆಬ್ಜೆಕ್ಟ್‌ನಲ್ಲಿ ಮೊತ್ತ 0 ಇದೆ, ಸ್ಥಿತಿಯ ಜೊತೆ ಆ 0 ಕೂಡ ಹೋಗಿ ಕೂರುತ್ತದೆ. ಮೊತ್ತದ ಫೀಲ್ಡ್‌ಗೆ ಇನ್ಸರ್ಟಬಲ್ ಫಾಲ್ಸ್, ಅಪ್‌ಡೇಟಬಲ್ ಫಾಲ್ಸ್ ಹಾಕಿ. ಅಲ್ಲಿಂದ ಮುಂದೆ ಹೈಬರ್ನೇಟ್ ಆ ಕಾಲಂ ಬರೆಯುವುದೇ ಇಲ್ಲ. ಇನ್ಸರ್ಟ್‌ನಲ್ಲೂ ಹೋಗುವುದಿಲ್ಲ, ಹಾಗಾಗಿ ಟೇಬಲ್‌ನಲ್ಲಿ ಡಿಫಾಲ್ಟ್ 0 ಇದೆಯಾ ಅಂತ ನೋಡಿಕೊಳ್ಳಿ.

ಸಾಲುಮನೆ

ಡೈನಾಮಿಕ್ ಅಪ್‌ಡೇಟ್ ಅನೊಟೇಷನ್ ಹಾಕಿದರೂ ಆಗುತ್ತದೆ. ಬದಲಾದ ಕಾಲಂ ಮಾತ್ರ ಹೋಗುತ್ತದೆ.

ಬೂದು_ಬೆಕ್ಕು

ಆಗುತ್ತದೆ, ಆದರೆ ಅದು ಅರ್ಧ ಪರಿಹಾರ. ನಾಳೆ ಯಾರೋ ಹೊಸಬರು ಬಂದು ಸೆಟ್ಟರ್‌ನಲ್ಲಿ ಮೊತ್ತ ಹಾಕಿದರೆ ಅದು ಬದಲಾದ ಕಾಲಂ ಆಗುತ್ತದೆ, ಆರಾಮಾಗಿ ಬರೆಯಲ್ಪಡುತ್ತದೆ. ಕಾಲಂ ಡೇಟಾಬೇಸ್‌ನದ್ದು ಅಂತಾದರೆ ಮ್ಯಾಪಿಂಗ್‌ನಲ್ಲೇ ಬೀಗ ಹಾಕಬೇಕು. ಸೆಟ್ಟರ್ ಕೂಡ ಕಿತ್ತುಹಾಕಿ.

ಹಳೇ_ಡಿಬಿಎ

ಪೈಥಾನ್‌ನ ಜ್ಯಾಂಗೋದಲ್ಲೂ ಇದೇ ಕಥೆ. ಬರೀ ಸೇವ್ ಕರೆದರೆ ಎಲ್ಲ ಫೀಲ್ಡ್ ಬರೆಯುತ್ತದೆ. ಅಪ್‌ಡೇಟ್ ಫೀಲ್ಡ್ಸ್ ಅಂತ ಪಟ್ಟಿ ಕೊಟ್ಟರೆ ಮಾತ್ರ ಅಷ್ಟಕ್ಕೇ ನಿಲ್ಲುತ್ತದೆ. ತಪ್ಪು ಟ್ರಿಗರ್‌ನದ್ದಲ್ಲ. ಓದಿದ ಮೇಲೆ ಸಾಲು ಬದಲಾಗಬಹುದು ಅನ್ನುವ ಯೋಚನೆಯೇ ಇಲ್ಲದೆ ಪೂರ್ತಿ ಸಾಲನ್ನು ವಾಪಸ್ ಬರೆಯುವ ಅಭ್ಯಾಸದ್ದು. ಟ್ರಿಗರ್ ಬದಲು ಇನ್ನೊಬ್ಬ ಬಳಕೆದಾರ ಬದಲಿಸಿದ್ದರೂ ಇದೇ ಗತಿ.

ಅರ್ಧ_ಕೋಲನ್

ಇಷ್ಟೆಲ್ಲ ಯಾಕೆ? ಜನರೇಟೆಡ್ ಅಂತ ಒಂದು ಅನೊಟೇಷನ್ ಇದೆ. ಇನ್ಸರ್ಟ್, ಅಪ್‌ಡೇಟ್ ಎರಡಕ್ಕೂ ಅಂತ ಹೇಳಿದರೆ ಹೈಬರ್ನೇಟ್ ತಾನೇ ಮತ್ತೆ ಓದಿಕೊಳ್ಳುತ್ತದೆ. ನಾನು ಎಲ್ಲ ಕಡೆ ಅದನ್ನೇ ಬಳಸುವುದು.

ಬೂದು_ಬೆಕ್ಕು

ಇಲ್ಲಿ ಅದು ಕೈಕೊಡುತ್ತದೆ. ಆ ಅನೊಟೇಷನ್ ಮರು ಓದುವುದು *ಅದೇ* ಎಂಟಿಟಿಗೆ (ಟೇಬಲ್‌ಗೆ ಜೋಡಿಸಿದ ಆಬ್ಜೆಕ್ಟ್‌ಗೆ) ಇನ್ಸರ್ಟ್ ಅಥವಾ ಅಪ್‌ಡೇಟ್ ಕಳಿಸಿದಾಗ ಮಾತ್ರ. ಇಲ್ಲಿ ಇನ್ಸರ್ಟ್ ಹೋಗಿದ್ದು ಐಟಂ ಟೇಬಲ್‌ಗೆ. ಆರ್ಡರ್ ಸಾಲನ್ನು ಬದಲಿಸಿದ್ದು ಟ್ರಿಗರ್, ಹೈಬರ್ನೇಟ್‌ಗೆ ಅದರ ಸುಳಿವೇ ಇಲ್ಲ. ಮಾರ್ಪಾಡಿನ ಸಮಯ ತುಂಬುವ ಬಿಫೋರ್ ಟ್ರಿಗರ್ ಇದ್ದರೆ, ಅಂದರೆ ಅದೇ ಸಾಲಿನೊಳಗೆ ಕೆಲಸ ಮಾಡುವ ಟ್ರಿಗರ್ ಆದರೆ, ನಿಮ್ಮ ದಾರಿ ಸರಿ.

ಅರ್ಧ_ಕೋಲನ್

ಹೌದಲ್ವಾ. ನನ್ನದೆಲ್ಲ ಬಿಫೋರ್ ಟ್ರಿಗರ್‌ಗಳೇ.

ಮೂರನೇ_ಕೊಂಡಿ

ಮತ್ತೆ ಕ್ವೆರಿ ಹೊಡೆದು ಆರ್ಡರ್ ತಂದುಕೊಂಡರೆ ಆಯಿತಲ್ಲ? ಹೊಸ ಮೊತ್ತ ತಾನಾಗೇ ಬರುತ್ತದೆ.

ಕೊನೇ_ಕಮಿಟ್

ಅದನ್ನೂ ಮಾಡಿ ನೋಡಿದೆ. ಲಾಗ್‌ನಲ್ಲಿ ಸೆಲೆಕ್ಟ್ ಹೋಗಿದೆ, 450 ಬಂದಿದೆ. ಆಬ್ಜೆಕ್ಟ್ ಮಾತ್ರ 0 ಅನ್ನುತ್ತದೆ. ಹುಚ್ಚು ಹಿಡಿಯುವುದೊಂದು ಬಾಕಿ.

ಸಾಲುಮನೆ

ಅದು ಸೆಷನ್ನಿನ ನಿಯಮ. ಸೆಷನ್ ಅಂದರೆ ತಂದ ಆಬ್ಜೆಕ್ಟ್‌ಗಳನ್ನು ಹೈಬರ್ನೇಟ್ ನೆನಪಿಟ್ಟುಕೊಳ್ಳುವ ಜಾಗ. ಆ ಐಡಿಯ ಆಬ್ಜೆಕ್ಟ್ ಈಗಾಗಲೇ ಸೆಷನ್‌ನಲ್ಲಿದ್ದರೆ, ಕ್ವೆರಿ ತಂದ ಸಾಲಿನಿಂದ ಐಡಿ ಮಾತ್ರ ನೋಡಿ ಹಳೇ ಆಬ್ಜೆಕ್ಟನ್ನೇ ಕೈಗೆ ಕೊಡುತ್ತದೆ. ಉಳಿದ ಕಾಲಂಗಳನ್ನು ಎಸೆಯುತ್ತದೆ. ನೀವು ಬದಲಿಸಿಟ್ಟ, ಇನ್ನೂ ಫ್ಲಶ್ ಆಗದ ವಿಷಯ ಅಳಿಸಿಹೋಗಬಾರದು ಅಂತ. ಡಾಟ್‌ನೆಟ್‌ನ ಎಂಟಿಟಿ ಫ್ರೇಮ್‌ವರ್ಕ್ ಕೋರ್, ಪೈಥಾನ್‌ನ ಎಸ್‌ಕ್ಯೂಎಲ್‌ಆಲ್ಕೆಮಿ ಎರಡೂ ಓಆರ್‌ಎಂಗಳು ಹೀಗೇ. ಎರಡನೆಯದರಲ್ಲಿ ಪಾಪ್ಯುಲೇಟ್ ಎಕ್ಸಿಸ್ಟಿಂಗ್ ಅಂತ ಆಯ್ಕೆ ಕೊಟ್ಟರೆ ಮೇಲೆ ಬರೆಯುತ್ತದೆ. ಹೈಬರ್ನೇಟ್‌ನಲ್ಲಿ ರಿಫ್ರೆಶ್ ಕರೆಯಿರಿ, ಸಾಲನ್ನು ಮತ್ತೆ ಓದಿ ಆಬ್ಜೆಕ್ಟ್‌ಗೆ ತುಂಬುತ್ತದೆ.

ಆದರೆ ಕ್ರಮ ಮುಖ್ಯ. ಮೊದಲು ಫ್ಲಶ್, ಆಮೇಲೆ ರಿಫ್ರೆಶ್. ಉಲ್ಟಾ ಆದರೆ ಎರಡು ನಷ್ಟ. ಐಟಂ ಇನ್ನೂ ಡೇಟಾಬೇಸ್‌ಗೇ ಹೋಗಿರುವುದಿಲ್ಲ, ಆದ್ದರಿಂದ ಟ್ರಿಗರ್ ಓಡಿರುವುದಿಲ್ಲ. ಜೊತೆಗೆ ಆರ್ಡರ್ ಮೇಲೆ ನೀವು ಮಾಡಿದ್ದ ಬದಲಾವಣೆ ಸದ್ದಿಲ್ಲದೆ ಮಾಯ. ಇನ್ನೊಂದು ಮಜಾ ಇದೆ: ಐಡಿಗೆ ಐಡೆಂಟಿಟಿ ಕಾಲಂ (ಸಾಲು ಬರೆದಾಗಲೇ ಡೇಟಾಬೇಸ್ ಐಡಿ ಕೊಡುವ ಕಾಲಂ) ಇಟ್ಟಿದ್ದರೆ ಪರ್ಸಿಸ್ಟ್, ಅಂದರೆ ಸೇವ್, ಕರೆದ ತಕ್ಷಣವೇ ಇನ್ಸರ್ಟ್ ಹೋಗುತ್ತದೆ, ಸೀಕ್ವೆನ್ಸ್ (ಮೊದಲೇ ಐಡಿ ಕೇಳಿ ಪಡೆಯಬಹುದಾದ ಎಣಿಕೆ) ಆದರೆ ಫ್ಲಶ್ ತನಕ ಕಾಯುತ್ತದೆ. ಒಂದು ಪ್ರಾಜೆಕ್ಟ್‌ನಲ್ಲಿ ಫ್ಲಶ್ ಇಲ್ಲದೆ ನಡೆದ ಕೋಡ್ ಇನ್ನೊಂದರಲ್ಲಿ ಸುಮ್ನೆ ಹಳೇ ಮೊತ್ತ ತೋರಿಸುತ್ತದೆ. ಎಲ್ಲರೂ ಟ್ರಿಗರ್ ಕಡೆ ಬೆರಳು ತೋರಿಸುತ್ತಾರೆ.

ಬೂದು_ಬೆಕ್ಕು

ಇದಕ್ಕೆ ಸೇರಿಸುತ್ತೇನೆ: ಐಟಂ ಪಟ್ಟಿಗೆ ಕ್ಯಾಸ್ಕೇಡ್ ಆಲ್ (ಆರ್ಡರ್ ಮೇಲೆ ಮಾಡಿದ್ದೆಲ್ಲ ಐಟಂಗಳ ಮೇಲೂ ಮಾಡು) ಹಾಕಿದ್ದರೆ ಅದರಲ್ಲಿ ರಿಫ್ರೆಶ್ ಕೂಡ ಸೇರಿದೆ. ಆರ್ಡರ್ ರಿಫ್ರೆಶ್ ಮಾಡಿದರೆ ಐಟಂಗಳೂ ಒಂದೊಂದಾಗಿ ರಿಫ್ರೆಶ್ ಆಗುತ್ತವೆ. ನೂರು ಐಟಂ ಇರುವ ಆರ್ಡರ್‌ನಲ್ಲಿ ಲಾಗ್ ನೋಡಿ ಬೆಚ್ಚಿಬೀಳಬೇಡಿ.

ಮಧ್ಯರಾತ್ರಿ_ರೋಲ್‌ಬ್ಯಾಕ್

ವರ್ಷನ್ ಕಾಲಂ (ಪ್ರತಿ ಬದಲಾವಣೆಗೂ ಒಂದು ಹೆಚ್ಚುವ ಸಂಖ್ಯೆ) ಇಲ್ಲವಾ ನಿಮ್ಮಲ್ಲಿ? ಆ ಸಂಖ್ಯೆ ಹೊಂದಿದರೆ ಮಾತ್ರ ಬರೆಯುವ ಆಪ್ಟಿಮಿಸ್ಟಿಕ್ ಲಾಕಿಂಗ್ ಇದ್ದಿದ್ದರೆ ಹಳೇ ಮೊತ್ತ ಮೇಲೆ ಬೀಳುತ್ತಲೇ ಇರಲಿಲ್ಲ.

ಹಳೇ_ಡಿಬಿಎ

ಬರೀ ವರ್ಷನ್ ಕಾಲಂ ಸೇರಿಸಿದರೆ ಏನೂ ಆಗುವುದಿಲ್ಲ. ಟ್ರಿಗರ್ ಮೊತ್ತ ಬರೆಯುವಾಗ ವರ್ಷನ್ ಮುಟ್ಟದಿದ್ದರೆ ಹೈಬರ್ನೇಟ್ ಪಾಲಿಗೆ ಸಾಲು ಬದಲಾಗಿಯೇ ಇಲ್ಲ. ಟ್ರಿಗರ್‌ನಲ್ಲೇ ವರ್ಷನ್ ಒಂದು ಹೆಚ್ಚಿಸಿದರೆ ಆಗ ಸಿಕ್ಕಿಬೀಳುತ್ತದೆ. ಆದರೆ ಸಿಕ್ಕಿಬೀಳುವುದು ನಿಮ್ಮ ಸ್ವಂತ ಟ್ರಾನ್ಸಾಕ್ಷನ್ನೇ! ಐಟಂ ಸೇರಿಸಿದ್ದೂ ನೀವು, ವರ್ಷನ್ ಹೆಚ್ಚಾಗಿದ್ದೂ ನಿಮ್ಮಿಂದ. ಮುಂದಿನ ಅಪ್‌ಡೇಟ್ ಹಳೇ ವರ್ಷನ್ ಹುಡುಕಿಕೊಂಡು ಹೋಗುತ್ತದೆ, ಸೊನ್ನೆ ಸಾಲು ಸಿಗುತ್ತದೆ, ಬೇರೆ ಯಾರೋ ಬದಲಿಸಿದ್ದಾರೆ ಅಂತ ಎಕ್ಸೆಪ್ಷನ್ ಬರುತ್ತದೆ. ಆ ಬೇರೆ ಯಾರೋ ನೀವೇ.

ಮಧ್ಯರಾತ್ರಿ_ರೋಲ್‌ಬ್ಯಾಕ್

ಹಾಗಾದರೆ ಫ್ಲಶ್, ರಿಫ್ರೆಶ್ ಮಾಡಿದರೆ ವರ್ಷನ್ ಕೂಡ ಹೊಸದು ಬರುತ್ತದೆ ತಾನೇ?

ಹಳೇ_ಡಿಬಿಎ

ಬರುತ್ತದೆ. ನಾನು ಬೇಡ ಅಂದಿಲ್ಲ. ವರ್ಷನ್ ಅನ್ನು ಟ್ರಿಗರ್ ಮತ್ತು ಓಆರ್‌ಎಂ ಇಬ್ಬರೂ ಹೆಚ್ಚಿಸುವ ಹಾಗೆ ಬಿಡಬೇಡಿ ಅಂದೆ, ಅಷ್ಟೇ. ಒಬ್ಬರ ಕೈಯಲ್ಲಿರಲಿ.

ಇಂಡೆಕ್ಸ್_ಇಲ್ಲದವಳು

ಎಲ್ಲರೂ ಜಾವಾ ಮಾತಾಡುತ್ತಿದ್ದೀರಿ, ಎಸ್‌ಕ್ಯೂಎಲ್ ಸರ್ವರ್ ಕಡೆಯ ಗೋಳು ಕೇಳಿ. ಎಂಟಿಟಿ ಫ್ರೇಮ್‌ವರ್ಕ್ ಕೋರ್ 6ರಿಂದ 7ಕ್ಕೆ ಹೋದೆವು. ಕಂಪೈಲ್ ಆಯಿತು, ಯೂನಿಟ್ ಟೆಸ್ಟ್ ಎಲ್ಲ ಹಸಿರು. ಸ್ಟೇಜಿಂಗ್‌ಗೆ ಹಾಕಿದ ಮೇಲೆ ಕೆಲವು ಟೇಬಲ್‌ಗಳಿಗೆ ಸೇವ್ ಮಾತ್ರ ಆಗುತ್ತಿಲ್ಲ. ದೋಷ 334. ಟೇಬಲ್ ಮೇಲೆ ಟ್ರಿಗರ್ ಇದ್ದಾಗ ಇನ್‌ಟೂ ಇಲ್ಲದ ಔಟ್‌ಪುಟ್ ಕ್ಲಾಝ್ (ಬರೆದ ಸಾಲನ್ನು ವಾಪಸ್ ಕೊಡುವ ಭಾಗ) ಬಳಸುವಂತಿಲ್ಲ ಅಂತ ಅದರ ಅರ್ಥ. ಆ ಕೆಲವು ಟೇಬಲ್‌ಗಳಿಗೆಲ್ಲ ಆಡಿಟ್ ಟ್ರಿಗರ್ (ಪ್ರತಿ ಬದಲಾವಣೆಯ ದಾಖಲೆ ಇಡುವುದು) ಇತ್ತು.

ಆಗಿದ್ದು ಇಷ್ಟು. 2022ರ ನವೆಂಬರ್‌ನಲ್ಲಿ ಬಂದ 7ನೇ ಆವೃತ್ತಿ, ವೇಗಕ್ಕೋಸ್ಕರ ಸೇವ್ ಮಾಡುವಾಗ ಔಟ್‌ಪುಟ್ ಕ್ಲಾಝನ್ನು ನೇರವಾಗಿ ಬಳಸತೊಡಗಿತು. ಟ್ರಿಗರ್ ಇರುವ ಟೇಬಲ್‌ಗೆ ಎಸ್‌ಕ್ಯೂಎಲ್ ಸರ್ವರ್ ಅದನ್ನು ಒಪ್ಪುವುದಿಲ್ಲ. ಮಾಡೆಲ್‌ನಲ್ಲಿ ಟೇಬಲ್ ಹೇಳುವ ಜಾಗದಲ್ಲಿ ಹ್ಯಾಸ್ ಟ್ರಿಗರ್ ಅಂತ ಹೇಳಿದರೆ ಹಳೇ ವಿಧಾನಕ್ಕೆ ಮರಳುತ್ತದೆ. 8ರಲ್ಲಿ ಔಟ್‌ಪುಟ್ ಬೇಡ ಅಂತಲೇ ನೇರವಾಗಿ ಹೇಳಬಹುದು.

ನಲ್_ಪಾಯಿಂಟರ್

ಹ್ಯಾಸ್ ಟ್ರಿಗರ್‌ಗೆ ಟ್ರಿಗರ್ ಹೆಸರು ಸರಿಯಾಗಿಯೇ ಕೊಡಬೇಕಾ?

ಇಂಡೆಕ್ಸ್_ಇಲ್ಲದವಳು

ಇಲ್ಲ, ಟ್ರಿಗರ್ ಇದೆ ಅಂತ ಗೊತ್ತಾದರೆ ಅದಕ್ಕೆ ಸಾಕು. ಆದರೂ ನಿಜವಾದ ಹೆಸರು ಬರೆಯಿರಿ. ಕೋಡ್ ಓದುವವರಿಗೆ ಈ ಟೇಬಲ್‌ನಲ್ಲಿ ಏನೋ ಅಡಗಿದೆ ಅಂತ ಗೊತ್ತಾಗುವುದು ಆ ಒಂದು ಸಾಲಿನಿಂದಲೇ.

ಹಳೇ_ಡಿಬಿಎ

ಎಸ್‌ಕ್ಯೂಎಲ್ ಸರ್ವರ್ ಮಾತು ಬಂತು ಅಂತ. ಹೊಸ ಸಾಲಿನ ಐಡಿ ಕೇಳಲು ಅಲ್ಲಿ ಎರಡು ದಾರಿ: ಅಟ್ ಅಟ್ ಐಡೆಂಟಿಟಿ, ಮತ್ತು ಸ್ಕೋಪ್ ಐಡೆಂಟಿಟಿ. ಟ್ರಿಗರ್ ಒಂದು ಆಡಿಟ್ ಟೇಬಲ್‌ಗೆ ಸಾಲು ಹಾಕಿ, ಆ ಟೇಬಲ್‌ಗೂ ಐಡೆಂಟಿಟಿ ಇದ್ದರೆ, ಮೊದಲನೆಯದು ಕೊಡುವುದು ಆಡಿಟ್ ಸಾಲಿನ ಐಡಿ. ನಾನು ಕೆಲಸ ಮಾಡಿದ ಒಂದು ಕಡೆ ಮನೇಲೇ ಬರೆದ ಓಆರ್‌ಎಂ ಇತ್ತು, ಅದು ಮೊದಲನೆಯದನ್ನೇ ಬಳಸುತ್ತಿತ್ತು. ಆಡಿಟ್ ಟ್ರಿಗರ್ ಹಾಕಿದ ದಿನದಿಂದ ಒಬ್ಬರ ವಿಳಾಸ ಇನ್ನೊಬ್ಬರ ಖಾತೆಗೆ ಅಂಟಿಕೊಳ್ಳತೊಡಗಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆ ಐಡಿಯ ಖಾತೆ ನಿಜಕ್ಕೂ ಇರುತ್ತಿತ್ತಲ್ಲ, ಫಾರಿನ್ ಕೀ ಕೂಡ ಬಾಯಿ ಬಿಡಲಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಈ ತೊಂದರೆ ಇಲ್ಲ. ಟ್ರಿಗರ್ ಮುಗಿದ ಮೇಲೆ ಲಾಸ್ಟ್ ಇನ್ಸರ್ಟ್ ಐಡಿ ಮೊದಲಿನ ಬೆಲೆಗೆ ಮರಳುತ್ತದೆ.

ಸಾಲುಮನೆ

ಅಬ್ಬಾ, ಅದು ಭಯಂಕರ. ಅದೇ ಕುಟುಂಬದ ಇನ್ನೊಂದು: ಟ್ರಿಗರ್‌ನಲ್ಲಿ ಸೆಟ್ ನೋಕೌಂಟ್ ಆನ್ ಬರೆಯದಿದ್ದರೆ, ಒಳಗಿನ ಸ್ಟೇಟ್‌ಮೆಂಟ್‌ಗಳ ಸಾಲಿನ ಲೆಕ್ಕವೂ ಕ್ಲೈಂಟ್‌ಗೆ ಹೋಗುತ್ತದೆ. ಒಂದು ಸಾಲು ಅಂತ ಕಾಯುತ್ತಿರುವ ಓಆರ್‌ಎಂ ಗೊಂದಲಕ್ಕೆ ಬೀಳುತ್ತದೆ.

ಬೂದು_ಬೆಕ್ಕು

ಪೋಸ್ಟ್‌ಗ್ರೆಸ್‌ನಲ್ಲಿ ಇದರ ಉಲ್ಟಾ ಇದೆ. ಬಿಫೋರ್ ಟ್ರಿಗರ್ ನಲ್ ವಾಪಸ್ ಕೊಟ್ಟರೆ ಆ ಸಾಲಿನ ಕೆಲಸವೇ ರದ್ದು, ಎರರ್ ಬರುವುದಿಲ್ಲ. 2017ರಲ್ಲಿ ಆವೃತ್ತಿ 10 ಬರುವ ತನಕ ಪಾರ್ಟಿಷನ್ ಮಾಡಬೇಕೆಂದರೆ, ಅಂದರೆ ದೊಡ್ಡ ಟೇಬಲನ್ನು ಹೋಳು ಮಾಡಬೇಕೆಂದರೆ, ತಾಯಿ ಟೇಬಲ್ ಮೇಲೆ ಟ್ರಿಗರ್ ಹಾಕಿ, ಸಾಲನ್ನು ಮರಿ ಟೇಬಲ್‌ಗೆ ತಳ್ಳಿ, ನಲ್ ಕೊಡುವುದೇ ರೂಢಿಯಾಗಿತ್ತು. ಡೇಟಾಬೇಸ್ "ಸೊನ್ನೆ ಸಾಲು" ಅನ್ನುತ್ತದೆ, ಹೈಬರ್ನೇಟ್ "ಒಂದು ಬೇಕಿತ್ತು" ಅಂತ ಎಕ್ಸೆಪ್ಷನ್ ಎಸೆಯುತ್ತದೆ. ಸಾಲು ಮಾತ್ರ ಸರಿಯಾದ ಜಾಗದಲ್ಲೇ ಕೂತಿರುತ್ತಿತ್ತು, ರೋಲ್‌ಬ್ಯಾಕ್ ಆಗುವ ತನಕ.

ಮೂರನೇ_ಕೊಂಡಿ

ಇದಕ್ಕೇ ನಾನು ಹೇಳುವುದು, ಬಿಸಿನೆಸ್ ಲಾಜಿಕ್ ಡೇಟಾಬೇಸ್‌ನಲ್ಲಿ ಇರಬಾರದು. ಕೋಡ್ ಓದಿದರೆ ಕಾಣಬೇಕು. ಎಂಟಿಟಿ ಲಿಸನರ್‌ನಲ್ಲಿ (ಸೇವ್ ಆಗುವಾಗ ಓಆರ್‌ಎಂ ಕರೆಯುವ ಆ್ಯಪ್ ಕೋಡ್) ಮೊತ್ತ ಲೆಕ್ಕ ಹಾಕಿ. ಗಿಟ್‌ನಲ್ಲಿ ಇರುತ್ತದೆ, ಟೆಸ್ಟ್ ಮಾಡಬಹುದು, ಡಿಬಗರ್ ಹಾಕಬಹುದು. ಟ್ರಿಗರ್ ಅಂದರೆ ಹಾಸಿಗೆ ಕೆಳಗೆ ಬಚ್ಚಿಟ್ಟ ಹಾವು.

ಹಳೇ_ಡಿಬಿಎ

ಟ್ರಿಗರ್ ಗಿಟ್‌ನಲ್ಲಿ ಇಡಬಾರದು ಅಂತ ಯಾರು ಹೇಳಿದರು? ಮೈಗ್ರೇಷನ್ ಫೈಲ್‌ನಲ್ಲಿ (ಸ್ಕೀಮಾ ಬದಲಿಸುವ ಸ್ಕ್ರಿಪ್ಟ್) ಹಾಕಿ.

ಲಿಸನರ್ ಬಗ್ಗೆ ಒಂದು ಪ್ರಶ್ನೆ. ಯಾರೋ ಬಲ್ಕ್ ಅಪ್‌ಡೇಟ್ (ಆಬ್ಜೆಕ್ಟ್ ತರದೆ ಒಂದೇ ಏಟಿಗೆ ಹಲವು ಸಾಲು ಬದಲಿಸುವುದು) ಹೊಡೆದರೆ ನಿಮ್ಮ ಲಿಸನರ್ ಓಡುತ್ತದಾ? ಜ್ಯಾಂಗೋದಲ್ಲಿ ಕ್ವೆರಿಸೆಟ್ ಮೇಲೆ ಅಪ್‌ಡೇಟ್ ಕರೆದರೆ ಸೇವ್ ಕರೆಯುವುದಿಲ್ಲ, ಸಿಗ್ನಲ್ ಇಲ್ಲ. ಹೈಬರ್ನೇಟ್‌ನ ಬಲ್ಕ್ ಅಪ್‌ಡೇಟ್ ಕ್ವೆರಿಗೂ ಲಿಸನರ್ ಇಲ್ಲ. ರೂಬಿಯ ರೈಲ್ಸ್‌ನ ಅಪ್‌ಡೇಟ್ ಆಲ್‌ಗೆ ಕಾಲ್‌ಬ್ಯಾಕ್ ಇಲ್ಲ. ಟ್ರಿಗರ್ ಮಾತ್ರ ಎಲ್ಲದಕ್ಕೂ ಓಡುತ್ತದೆ, ಕೈಯಾರೆ ಕನ್ಸೋಲ್‌ನಲ್ಲಿ ಬರೆದ ಸ್ಟೇಟ್‌ಮೆಂಟ್‌ಗೂ.

ಮೂರನೇ_ಕೊಂಡಿ

"ಎಲ್ಲದಕ್ಕೂ" ಅನ್ನಬೇಡಿ. ಮೈಎಸ್‌ಕ್ಯೂಎಲ್ 8ರಲ್ಲಿ ಫಾರಿನ್ ಕೀ ಕ್ಯಾಸ್ಕೇಡ್‌ನಿಂದ ಮಕ್ಕಳ ಸಾಲು ಅಳಿದರೆ ಅವುಗಳ ಡಿಲೀಟ್ ಟ್ರಿಗರ್ ಓಡುವುದಿಲ್ಲ. ಆಡಿಟ್‌ನಲ್ಲಿ ಸಾಲುಗಳು ಹುಟ್ಟಿವೆ, ಸತ್ತ ದಾಖಲೆ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲೂ ಟ್ರಂಕೇಟ್ ಮಾಡಿದರೆ (ಇಡೀ ಟೇಬಲ್ ಖಾಲಿ ಮಾಡಿದರೆ) ಸಾಲಿನ ಡಿಲೀಟ್ ಟ್ರಿಗರ್ ಓಡುವುದಿಲ್ಲ.

ಹಳೇ_ಡಿಬಿಎ

ಸರಿ, ಅದು ಒಪ್ಪಿದೆ. ಹಾವಿನ ಮಾತು ಒಪ್ಪಲ್ಲ.

ಮಧ್ಯರಾತ್ರಿ_ರೋಲ್‌ಬ್ಯಾಕ್

ಟೆಸ್ಟ್ ಅಂದಿರಲ್ಲ, ಅದರ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಎಚ್‌ಟೂ ಅಥವಾ ಎಸ್‌ಕ್ಯೂಲೈಟ್ ಥರದ ಹಗುರ ಡೇಟಾಬೇಸ್ ಮೇಲೆ ಟೆಸ್ಟ್ ಓಡಿಸಿ, ಸ್ಕೀಮಾವನ್ನು ಎಂಟಿಟಿಗಳಿಂದಲೇ ಹುಟ್ಟಿಸಿದರೆ ಅಲ್ಲಿ ಟ್ರಿಗರ್ ಇರುವುದೇ ಇಲ್ಲ. ಇಲ್ಲದ ಟ್ರಿಗರ್ ಯಾವ ಟೆಸ್ಟನ್ನೂ ಕೆಡಿಸುವುದಿಲ್ಲ. ಟೆಸ್ಟ್‌ಕಂಟೇನರ್ಸ್ ಹಾಕಿ ನಿಜವಾದ ಪೋಸ್ಟ್‌ಗ್ರೆಸ್ ಎಬ್ಬಿಸಿ, ನಿಜವಾದ ಮೈಗ್ರೇಷನ್ ಓಡಿಸಿ. ರೈಲ್ಸ್‌ನವರಿಗೆ ಇನ್ನೊಂದು: ಸ್ಕೀಮಾ ಡಾಟ್ ಆರ್‌ಬಿ ಫೈಲ್‌ನಲ್ಲಿ ಟ್ರಿಗರ್ ದಾಖಲಾಗುವುದಿಲ್ಲ. ಸ್ಕೀಮಾ ಫಾರ್ಮ್ಯಾಟನ್ನು ಎಸ್‌ಕ್ಯೂಎಲ್ ಅಂತ ಮಾಡಿಕೊಳ್ಳದಿದ್ದರೆ ಟೆಸ್ಟ್ ಡೇಟಾಬೇಸ್ ಬೋಳು ಬೋಳಾಗಿರುತ್ತದೆ.

ಅರ್ಧ_ಕೋಲನ್

ಸ್ವಲ್ಪ ವಿಷಯ ಬಿಟ್ಟು ಕೇಳುತ್ತೇನೆ. ನಮ್ಮ ಆಡಿಟ್ ಟ್ರಿಗರ್‌ನಲ್ಲಿ "ಯಾರು ಬದಲಿಸಿದರು" ಅನ್ನುವ ಕಾಲಂನಲ್ಲಿ ಎಲ್ಲ ಸಾಲಿಗೂ ಆ್ಯಪ್‌ನ ಡೇಟಾಬೇಸ್ ಯೂಸರ್ ಹೆಸರೇ ಬರುತ್ತಿದೆ. ಲಾಗಿನ್ ಆದವರ ಹೆಸರು ಟ್ರಿಗರ್‌ಗೆ ತಲುಪಿಸುವುದು ಹೇಗೆ?

ಸಾಲುಮನೆ

ಪೋಸ್ಟ್‌ಗ್ರೆಸ್ ಆದರೆ ಟ್ರಾನ್ಸಾಕ್ಷನ್ ಶುರುವಾದ ಕೂಡಲೇ ಸೆಟ್ ಕಾನ್ಫಿಗ್ ಫಂಕ್ಷನ್‌ನಲ್ಲಿ ನಿಮ್ಮದೇ ಹೆಸರಿನ ಒಂದು ಸೆಟ್ಟಿಂಗ್ ಇಡಿ, ಟ್ರಿಗರ್‌ನಲ್ಲಿ ಕರೆಂಟ್ ಸೆಟ್ಟಿಂಗ್‌ನಿಂದ ಓದಿ. ಮೂರನೇ ಆರ್ಗ್ಯುಮೆಂಟ್ ಟ್ರೂ ಇರಲೇಬೇಕು. ಆಗ ಅದು ಆ ಟ್ರಾನ್ಸಾಕ್ಷನ್‌ಗೆ ಮಾತ್ರ. ಫಾಲ್ಸ್ ಕೊಟ್ಟರೆ ಸೆಟ್ಟಿಂಗ್ ಕನೆಕ್ಷನ್ ಮೇಲೇ ಉಳಿಯುತ್ತದೆ, ಕನೆಕ್ಷನ್ ಪೂಲ್‌ಗೆ ವಾಪಸ್ ಹೋಗುತ್ತದೆ, ಮುಂದೆ ಅದನ್ನು ಹಿಡಿದವರ ಕೆಲಸವೆಲ್ಲ ಹಿಂದಿನವರ ಹೆಸರಿಗೆ ದಾಖಲಾಗುತ್ತದೆ. ಹೆಸರೇ ಇಲ್ಲದ ಆಡಿಟ್‌ಗಿಂತ ತಪ್ಪು ಹೆಸರಿನ ಆಡಿಟ್ ಜಾಸ್ತಿ ಅಪಾಯ.

ಓದುವಾಗ ಎರಡನೇ ಆರ್ಗ್ಯುಮೆಂಟ್ ಕೂಡ ಟ್ರೂ ಕೊಡಿ. ಇಲ್ಲದಿದ್ದರೆ ಸೆಟ್ಟಿಂಗ್ ಇಡದ ಹಳೇ ಸ್ಕ್ರಿಪ್ಟ್‌ಗಳಿಗೆ ಎರರ್ ಬರುತ್ತದೆ.

ಅರ್ಧ_ಕೋಲನ್

ಸಿಕ್ಕಿತು, ಥ್ಯಾಂಕ್ಸ್ ಗುರು.

ಇಂಡೆಕ್ಸ್_ಇಲ್ಲದವಳು

ಪೋಸ್ಟ್‌ಗ್ರೆಸ್ ರಿಟರ್ನಿಂಗ್‌ನಲ್ಲಿ (ಬರೆದ ಸಾಲನ್ನು ಅದೇ ಸ್ಟೇಟ್‌ಮೆಂಟ್ ವಾಪಸ್ ಕೊಡುವುದು) ಟ್ರಿಗರ್ ಬದಲಿಸಿದ್ದು ಬರುತ್ತದೆ ಅಂತ ಕೇಳಿದ್ದೆ. ಹಾಗಿದ್ದರೆ ರಿಫ್ರೆಶ್ ಯಾಕೆ?

ಬೂದು_ಬೆಕ್ಕು

ಬಿಫೋರ್ ಟ್ರಿಗರ್ ಬದಲಿಸಿದ್ದು ಬರುತ್ತದೆ, ಏಕೆಂದರೆ ಸಾಲು ಬರೆಯುವ ಮೊದಲೇ ಬದಲಾಗಿರುತ್ತದೆ. ಆಫ್ಟರ್ ಟ್ರಿಗರ್ ಮತ್ತೊಂದು ಅಪ್‌ಡೇಟ್ ಮಾಡಿದ್ದು ಬರುವುದಿಲ್ಲ. ಇಲ್ಲಂತೂ ಬದಲಾಗುವುದು ಬೇರೆ ಟೇಬಲ್.

ಅದೇ ಸಾಲಿನ ಕಾಲಂಗಳಿಂದ ಲೆಕ್ಕ ಆಗುವುದಾದರೆ ಟ್ರಿಗರೇ ಬೇಡ. ಪ್ರಮಾಣ ಗುಣಿಸು ದರ, ಇಂಥದ್ದಕ್ಕೆ ಜನರೇಟೆಡ್ ಕಾಲಂ ಸಾಕು. ಪೋಸ್ಟ್‌ಗ್ರೆಸ್ 12ರಿಂದ ಇದೆ, ಜ್ಯಾಂಗೋ 5.0ರಿಂದ ಅದಕ್ಕೆಂದೇ ಫೀಲ್ಡ್ ಇದೆ. ಬೇರೆ ಸಾಲುಗಳ ಮೊತ್ತಕ್ಕೆ ಅದು ಆಗುವುದಿಲ್ಲ.

ಹಳೇ_ಡಿಬಿಎ

@ಕೊನೇ_ಕಮಿಟ್, ಓಆರ್‌ಎಂ ಪಕ್ಕಕ್ಕಿಡಿ. ಟ್ರಿಗರ್ ಒಳಗೆ ಮೊತ್ತ ಹೇಗೆ ಲೆಕ್ಕ ಹಾಕುತ್ತೀರಿ? ಐಟಂಗಳನ್ನೆಲ್ಲ ಸಮ್ ಮಾಡಿ ಆರ್ಡರ್ ಅಪ್‌ಡೇಟ್ ಮಾಡುವ ಒಂದೇ ಸ್ಟೇಟ್‌ಮೆಂಟಾ?

ಕೊನೇ_ಕಮಿಟ್

ಹೌದು ಸರ್. ಅಪ್‌ಡೇಟ್ ಆರ್ಡರ್, ಮೊತ್ತ ಇಸ್ ಈಕ್ವಲ್ ಟು ಸಬ್‌ಕ್ವೆರಿಯಲ್ಲಿ ಸಮ್.

ಹಳೇ_ಡಿಬಿಎ

ಅಂದುಕೊಂಡೆ. ಇಬ್ಬರು ಒಂದೇ ಆರ್ಡರ್‌ಗೆ ಒಂದೇ ಹೊತ್ತಿಗೆ ಐಟಂ ಸೇರಿಸಲಿ. ರೀಡ್ ಕಮಿಟೆಡ್‌ನಲ್ಲಿ (ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಐಸೊಲೇಷನ್ ಮಟ್ಟ) ಎರಡನೆಯವರ ಅಪ್‌ಡೇಟ್ ಮೊದಲನೆಯವರ ಲಾಕ್‌ಗೆ ಕಾದು ನಿಲ್ಲುತ್ತದೆ. ಮೊದಲನೆಯವರು ಕಮಿಟ್ ಮಾಡುತ್ತಾರೆ. ಈಗ ಪೋಸ್ಟ್‌ಗ್ರೆಸ್ ಆರ್ಡರ್ ಸಾಲಿನ ಹೊಸ ರೂಪ ತಂದುಕೊಳ್ಳುತ್ತದೆ. ಆದರೆ ಸಬ್‌ಕ್ವೆರಿ ಐಟಂ ಟೇಬಲ್ ನೋಡುವುದು ಸ್ಟೇಟ್‌ಮೆಂಟ್ ಶುರುವಾದಾಗಿನ ಸ್ನ್ಯಾಪ್‌ಶಾಟ್‌ನಲ್ಲೇ, ಅಂದರೆ ಆ ಕ್ಷಣದ ಡೇಟಾದ ಚಿತ್ರದಲ್ಲೇ. ಮೊದಲನೆಯವರ ಐಟಂ ಅದರಲ್ಲಿಲ್ಲ. ಮೊತ್ತದಲ್ಲಿ ಒಂದು ಐಟಂ ಖೋತಾ. ಎಷ್ಟು ರಿಫ್ರೆಶ್ ಮಾಡಿದರೂ ತಪ್ಪು ಮೊತ್ತವೇ ರಿಫ್ರೆಶ್ ಆಗಿ ಬರುತ್ತದೆ.

ದಾರಿ ಎರಡು. ಟ್ರಿಗರ್ ಒಳಗೆ ಮೊದಲು ಆರ್ಡರ್ ಸಾಲನ್ನು ಸೆಲೆಕ್ಟ್ ಫಾರ್ ಅಪ್‌ಡೇಟ್‌ನಿಂದ ಹಿಡಿದು, ಆಮೇಲೆ ಬೇರೆ ಸ್ಟೇಟ್‌ಮೆಂಟ್‌ನಲ್ಲಿ ಸಮ್ ಮಾಡಿ. ಎರಡನೇ ಸ್ಟೇಟ್‌ಮೆಂಟ್‌ಗೆ ಹೊಸ ಸ್ನ್ಯಾಪ್‌ಶಾಟ್ ಸಿಗುತ್ತದೆ. ಇಲ್ಲವೇ ಸಮ್ ಬಿಟ್ಟು, ಇದ್ದ ಮೊತ್ತಕ್ಕೆ ವ್ಯತ್ಯಾಸ ಮಾತ್ರ ಕೂಡಿ. ಎರಡನೆಯದು ಹಗುರ, ಆದರೆ ಒಮ್ಮೆ ತಪ್ಪಿದರೆ ತಾನಾಗೇ ಸರಿಹೋಗುವುದಿಲ್ಲ.

ಮಧ್ಯರಾತ್ರಿ_ರೋಲ್‌ಬ್ಯಾಕ್

ಇದು ಲಿಸನರ್‌ನಲ್ಲಿ ಬರೆದರೂ ತಪ್ಪುತ್ತಿತ್ತು, @ಮೂರನೇ_ಕೊಂಡಿ.

ಮೂರನೇ_ಕೊಂಡಿ

ಕೋಡ್‌ನಲ್ಲಿ ಕಾಣುವ ಹಾಗೆ ತಪ್ಪುತ್ತಿತ್ತು 😄

ನಲ್_ಪಾಯಿಂಟರ್

ಒಂದೇ ಟೇಬಲ್‌ಗೆ ಎರಡು ಬಿಫೋರ್ ಟ್ರಿಗರ್ ಇದ್ದರೆ ಯಾವುದು ಮೊದಲು ಓಡುತ್ತದೆ?

ಸಾಲುಮನೆ

ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಅಕ್ಷರ ಕ್ರಮದಲ್ಲಿ. ಅದಕ್ಕೇ ಝೆಡ್ ಝೆಡ್ ಅಂತ ಶುರುವಾಗುವ ಟ್ರಿಗರ್ ಹೆಸರು ಕಂಡರೆ ನಗಬೇಡಿ, ಅದರ ಹಿಂದೆ ಯಾರದೋ ನಿದ್ದೆಗೆಟ್ಟ ರಾತ್ರಿ ಇದೆ.

ಬೂದು_ಬೆಕ್ಕು

ಅಪ್‌ಡೇಟ್ ಆಫ್ ಅಂತ ಕಾಲಂ ಹೆಸರು ಕೊಟ್ಟು ಟ್ರಿಗರ್ ಬರೆದವರಿಗೂ ಒಂದು ಮಾತು. ಆ ಕಾಲಂ ಸೆಟ್ ಪಟ್ಟಿಯಲ್ಲಿದ್ದರೆ ಸಾಕು, ಬೆಲೆ ಬದಲಾಗದಿದ್ದರೂ ಟ್ರಿಗರ್ ಓಡುತ್ತದೆ. ಎಲ್ಲ ಕಾಲಂ ಬರೆಯುವ ಓಆರ್‌ಎಂ ಇದ್ದರೆ ಪ್ರತಿ ಸೇವ್‌ಗೂ ಓಡಿದ ಹಾಗೆಯೇ. ವೆನ್ ಷರತ್ತಿನಲ್ಲಿ ಓಲ್ಡ್, ನ್ಯೂ ಎರಡನ್ನೂ ಇಸ್ ಡಿಸ್ಟಿಂಕ್ಟ್ ಫ್ರಮ್‌ನಿಂದ ಹೋಲಿಸಿ. ಬರೀ ನಾಟ್ ಈಕ್ವಲ್ ಬರೆದರೆ ನಲ್ ಇದ್ದ ಕಡೆ ಜಾರಿಹೋಗುತ್ತದೆ.

ಕೊನೇ_ಕಮಿಟ್

ಅಪ್‌ಡೇಟ್. ಮೊತ್ತದ ಕಾಲಂಗೆ ಎರಡೂ ಫಾಲ್ಸ್ ಹಾಕಿದೆ, ಸೆಟ್ಟರ್ ತೆಗೆದೆ. ಐಟಂ ಸೇರಿಸುವ ಸರ್ವೀಸ್ ಮೆಥಡ್‌ನ ಕೊನೆಗೆ ಫ್ಲಶ್, ರಿಫ್ರೆಶ್. ಕ್ಯಾಸ್ಕೇಡ್ ಆಲ್ ಬದಲು ಪರ್ಸಿಸ್ಟ್, ಮರ್ಜ್, ರಿಮೂವ್ ಮಾತ್ರ ಇಟ್ಟೆ. ಟ್ರಿಗರ್‌ನಲ್ಲಿ ಮೊದಲು ಲಾಕ್, ಆಮೇಲೆ ಸಮ್. ಎರಡು ಕನೆಕ್ಷನ್ ತೆರೆದು ಒಂದೇ ಆರ್ಡರ್‌ಗೆ ಐಟಂ ಹಾಕಿ ನೋಡಿದೆ: ಹಳೇ ಟ್ರಿಗರ್‌ನಲ್ಲಿ ಡಿಬಿಎ ಸರ್ ಹೇಳಿದ ಹಾಗೆ ಒಂದು ಐಟಂ ನಿಜಕ್ಕೂ ಬಿಟ್ಟುಹೋಗುತ್ತಿತ್ತು. ಹೊಸದರಲ್ಲಿ ಸರಿ ಬರುತ್ತಿದೆ.

ಈಗ ಉಳಿದಿರುವುದು ರಾತ್ರಿಯ ಇಂಪೋರ್ಟ್. ಸಾವಿರಾರು ಐಟಂ ಒಟ್ಟಿಗೆ ಬರುತ್ತವೆ, ಪ್ರತಿ ಸಾಲಿಗೂ ಟ್ರಿಗರ್ ಪೂರ್ತಿ ಸಮ್ ಮಾಡುತ್ತಿದೆ. ಮೊದಲೇ ನಿಧಾನ ಇತ್ತು, ಈಗ ಇನ್ನೂ ನಿಧಾನ.

ಹಳೇ_ಡಿಬಿಎ

ಪೋಸ್ಟ್‌ಗ್ರೆಸ್ 10ರಿಂದ ಸ್ಟೇಟ್‌ಮೆಂಟ್ ಮಟ್ಟದ ಟ್ರಿಗರ್‌ಗೆ ಟ್ರಾನ್ಸಿಷನ್ ಟೇಬಲ್ ಸಿಗುತ್ತದೆ. ಆ ಸ್ಟೇಟ್‌ಮೆಂಟ್ ಮುಟ್ಟಿದ ಸಾಲುಗಳೆಲ್ಲ ಒಂದೇ ಟೇಬಲ್‌ನ ಹಾಗೆ ಕೈಗೆ ಬರುತ್ತವೆ. ಪ್ರತಿ ಆರ್ಡರ್‌ಗೆ ಒಂದೇ ಸಲ ಲೆಕ್ಕ. ಆರ್ಡರ್‌ಗಳನ್ನು ಐಡಿ ಕ್ರಮದಲ್ಲಿ ಲಾಕ್ ಮಾಡಿ, ಇಲ್ಲದಿದ್ದರೆ ಡೆಡ್‌ಲಾಕ್. ಇನ್ಸರ್ಟ್, ಅಪ್‌ಡೇಟ್, ಡಿಲೀಟ್‌ಗೆ ಬೇರೆ ಬೇರೆ ಟ್ರಿಗರ್ ಬರೆಯಬೇಕು, ಟ್ರಾನ್ಸಿಷನ್ ಟೇಬಲ್ ಇದ್ದರೆ ಒಂದರಲ್ಲೇ ಮೂರೂ ಸೇರಿಸಲು ಬಿಡುವುದಿಲ್ಲ.

ಬೂದು_ಬೆಕ್ಕು

ಇಂಪೋರ್ಟ್ ಹೈಬರ್ನೇಟ್ ಮೂಲಕವೇ ಆಗುತ್ತಿದೆಯಾ? ಹಾಗಿದ್ದರೆ ಸಾಲಿಗೊಂದು ಇನ್ಸರ್ಟ್ ಹೋಗುತ್ತದೆ. ಬ್ಯಾಚಿಂಗ್ ಆನ್ ಮಾಡಿದರೂ ಡೇಟಾಬೇಸ್ ಪಾಲಿಗೆ ಅವು ಬೇರೆ ಬೇರೆ ಸ್ಟೇಟ್‌ಮೆಂಟ್‌ಗಳೇ. ಸ್ಟೇಟ್‌ಮೆಂಟ್ ಟ್ರಿಗರ್ ಹಾಕಿಯೂ ಲಾಭ ಸಿಗಲ್ಲ. ಪೋಸ್ಟ್‌ಗ್ರೆಸ್‌ನ ಕಾಪಿ ಆದೇಶ ಬಳಸಿ, ಅದು ಒಂದೇ ಸ್ಟೇಟ್‌ಮೆಂಟ್, ಟ್ರಿಗರ್ ಕೂಡ ಓಡುತ್ತದೆ. ಅಥವಾ ಜೆಡಿಬಿಸಿ ಡ್ರೈವರ್‌ನಲ್ಲಿ ರೀರೈಟ್ ಬ್ಯಾಚ್ಡ್ ಇನ್ಸರ್ಟ್ಸ್ ಆನ್ ಮಾಡಿ, ಹಲವು ಸಾಲುಗಳನ್ನು ಒಂದೇ ಇನ್ಸರ್ಟ್ ಆಗಿ ಹೊಲಿಯುತ್ತದೆ.

ಕೊನೇ_ಕಮಿಟ್

ಹೈಬರ್ನೇಟ್ ಮೂಲಕವೇ. ಐಟಂ ಐಡಿ ಐಡೆಂಟಿಟಿ ಬೇರೆ, ಹಾಗಾಗಿ ಬ್ಯಾಚಿಂಗೂ ಆಗುತ್ತಿಲ್ಲ.

ನಲ್_ಪಾಯಿಂಟರ್

ನಾನು ಮೊದಲೇ ಹೇಳಿದ್ದೆ, ಡ್ರಾಪ್ ಮಾಡಿ ಅಂತ.

ಸಾಲುಮನೆ

ಐಡೆಂಟಿಟಿ ಬಿಟ್ಟು ಸೀಕ್ವೆನ್ಸ್‌ಗೆ ಬನ್ನಿ, ಅಲೊಕೇಷನ್ ಸೈಜ್ (ಒಂದು ಸಲಕ್ಕೆ ಕಾದಿರಿಸುವ ಐಡಿಗಳ ಸಂಖ್ಯೆ) 50 ಇಡಿ. ಸೀಕ್ವೆನ್ಸ್‌ನ ಇನ್‌ಕ್ರಿಮೆಂಟ್ ಕೂಡ 50 ಇರಬೇಕು. ಆದರೆ ನಿಮ್ಮ ಆ ಎರಡು ಹಳೇ ಪ್ರೋಗ್ರಾಂಗಳು ಐಡಿ ಎಲ್ಲಿಂದ ತೆಗೆದುಕೊಳ್ಳುತ್ತವೆ ಅಂತ ಮೊದಲು ನೋಡಿ.

ಕೊನೇ_ಕಮಿಟ್

ಒಂದು ಡಿಫಾಲ್ಟ್‌ಗೆ ಬಿಡುತ್ತದೆ. ಇನ್ನೊಂದು ಮ್ಯಾಕ್ಸ್ ಪ್ಲಸ್ ಒಂದು ಮಾಡುತ್ತದೆ, ಅಂದರೆ ಇರುವ ದೊಡ್ಡ ಐಡಿಗೆ ಒಂದು ಕೂಡುತ್ತದೆ, ಅಂತ ಈಗ ತಾನೇ ಕಂಡಿತು.

ಹಳೇ_ಡಿಬಿಎ

ಮ್ಯಾಕ್ಸ್ ಪ್ಲಸ್ ಒಂದಾ? ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಬರುತ್ತೇನೆ.